ತೋಟದ ಮನೆಗೆ ರಿವಾಲ್ವರ್ ತಗೊಳ್ಳಲಾ, ಪಿಸ್ತೂಲಾ?

ಮೂಡಿಗೆರೆ_ಕಾಫಿ:
ನಮ್ಮ ತೋಟ ಮೂಡಿಗೆರೆ ಕಡೆ. ಪಕ್ಕದ ಮನೆಗೆ ಕೂಗಿದರೂ ಕೇಳಲ್ಲ. ಬಟವಾಡೆ ಹಿಂದಿನ ದಿನ ಬ್ಯಾಂಕಿನಿಂದ ದುಡ್ಡು ತಂದು ರಾತ್ರಿ ಮನೆಯಲ್ಲೇ ಇಡಬೇಕು, ಇರುವವರು ನಾನು, ಹೆಂಡತಿ, ವಯಸ್ಸಾದ ಅಮ್ಮ ಅಷ್ಟೇ. ಅಪ್ಪನ ಕಾಲದ ಜೋಡುನಳಿಗೆ ಕೋವಿ ಇದೆ, ಲೈಸೆನ್ಸ್ ನನ್ನ ಹೆಸರಿಗೇ ಆಗಿದೆ. ಈಗ ಕೈಯಲ್ಲಿ ಹಿಡಿಯುವ ಸಣ್ಣದೊಂದು ತಗೊಳ್ಳೋಣ ಅಂತಿದ್ದೇನೆ. 9 ಎಂಎಂ ಪಿಸ್ತೂಲು ಒಳ್ಳೆಯದು ಅಂತಾರೆ, ನಿಜಾನಾ?

ಹನ್ನೆರಡು_ಬೋರ್:
9 ಎಂಎಂ ಮರೆತುಬಿಡಿ. ನಮ್ಮ ದೇಶದಲ್ಲಿ ಅದು ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಜನರಿಗೆ ಸಿಗಲ್ಲ. ನಿಮಗೆ ಸುಲಭವಾಗಿ ಸಿಗುವುದು .32, ಅದು ಇಂಚಿನ ಲೆಕ್ಕದ ಅಳತೆ. ಅದರಲ್ಲಿ ರಿವಾಲ್ವರ್ರೇ ತಗೊಳ್ಳಿ. ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಂಡರೆ ಮೇಲಿನ ಜಾರುವ ಭಾಗ (ಸ್ಲೈಡ್) ಎಳೆದು ಬಿಡಿಸಬೇಕು, ನಿದ್ದೆಗಣ್ಣಲ್ಲಿ ಕೈ ನಡುಗುವಾಗ ಅದು ಅಭ್ಯಾಸ ಇಲ್ಲದವರಿಗೆ ಆಗುವ ಕೆಲಸ ಅಲ್ಲ. ರಿವಾಲ್ವರ್‌ನಲ್ಲಿ ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಸಾಕು, ಮುಂದಿನದು ಬರುತ್ತದೆ. ಇನ್ನೊಂದು ವಿಷಯ, ಎರಡಕ್ಕೂ .32 ಅಂತಲೇ ಹೇಳಿದರೂ ಗುಂಡು ಬೇರೆ ಬೇರೆ. ಒಂದರದ್ದು ಇನ್ನೊಂದಕ್ಕೆ ತರಬೇಡಿ.

ಆಯುಧ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಒಬ್ಬರ ಹತ್ತಿರ ಎರಡೇ ಆಯುಧ ಇರಬಹುದು. ಕೋವಿ ಜೊತೆ ಇದೊಂದು ಸೇರಿದರೆ ನಿಮ್ಮದು ಅಲ್ಲಿಗೆ ಮುಗಿಯಿತು. ಡಿಸಿ ಆಫೀಸಿನಲ್ಲಿ ಮೊದಲು ಅನುಮತಿ, ಆಮೇಲೆ ಅಂಗಡಿ.

ಮೂಡಿಗೆರೆ_ಕಾಫಿ:
ನಿರ್ಭೀಕ್ ರಿವಾಲ್ವರ್ ಹೇಗೆ? ಹಗುರ ಅಲ್ವಾ, ನಾನಿಲ್ಲದಾಗ ಹೆಂಡತಿಗೂ ಆಗುತ್ತದೆ.

ಮಲೆನಾಡಿಗ:
2014ರಲ್ಲಿ ಕಾನ್ಪುರದ ಕಾರ್ಖಾನೆಯವರು ಹೆಂಗಸರಿಗೆ ಅಂತಲೇ ತಂದದ್ದು ಅದು, ತೂಕ ಸುಮಾರು ಅರ್ಧ ಕೆಜಿ. ಜೊತೆಗಿಟ್ಟುಕೊಂಡು ಓಡಾಡಲು ಹಗುರ ಒಳ್ಳೆಯದು, ಹೊಡೆಯುವಾಗ ಮಾತ್ರ ಹಗುರವಾದಷ್ಟೂ ಕೈಗೆ ಜಾಸ್ತಿ ಒದೆಯುತ್ತದೆ. ನಿಮ್ಮ ಹೆಂಡತಿಯೇ ಬಂದು ಹಿಡಿದು ನೋಡಲಿ. ನೀವಿಲ್ಲದಾಗ ಅವರ ಕೈಯಲ್ಲಿರಬೇಕಾದರೆ ಅವರ ಹೆಸರಲ್ಲೂ ಲೈಸೆನ್ಸ್ ಬೇಕು, ಇದನ್ನು ಸುಮ್ನೆ ಬಿಡಬೇಡಿ.

ನನ್ನ ಕೇಳಿದರೆ ರಾತ್ರಿ ಮನೆ ಕಾಯಲು ನಿಮ್ಮ ಹಳೇ ಕೋವಿಯೇ ಸಾಕು. ಎರಡೂ ಕೈಯಲ್ಲಿ ಹಿಡಿದು ಹೆಗಲಿಗೆ ಒತ್ತಿಕೊಳ್ಳುವುದರಿಂದ ಗುರಿ ತಪ್ಪುವುದು ಕಡಿಮೆ. ರಿವಾಲ್ವರ್‌ನಲ್ಲಿ ಹತ್ತು ಹೆಜ್ಜೆ ದೂರಕ್ಕೂ ಅಭ್ಯಾಸ ಬೇಕು. ಅದು ಬ್ಯಾಂಕಿನಿಂದ ದುಡ್ಡು ತರುವ ದಾರಿಗೆ ಉಪಯೋಗ, ಅಷ್ಟೇ. ದುಡ್ಡೇ ಚಿಂತೆಯಾದರೆ ಕೂಲಿಯನ್ನು ಕೆಲಸದವರ ಬ್ಯಾಂಕ್ ಖಾತೆಗೇ ಹಾಕಲು ಆಗಲ್ವಾ?

ಕಾನೂನನ್ನೂ ತಿಳಿದುಕೊಳ್ಳಿ. ಹೊಸ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯದ್ದು. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹೊಡೆದರೆ ಕೇಸ್ ನಿಮ್ಮ ಮೇಲೆಯೇ.

ಮೂಡಿಗೆರೆ_ಕಾಫಿ:
ಎಲ್ಲರ ಖಾತೆಗೂ ಹಾಕುವುದು ಕಷ್ಟ, ಅರ್ಧದಷ್ಟು ಜನ ಸುಗ್ಗಿಗೆ ಬಂದು ಹೋಗುವವರು. ಉಳಿದವರದ್ದು ಈ ತಿಂಗಳಿಂದಲೇ ಶುರು ಮಾಡುತ್ತೇನೆ. ರಿವಾಲ್ವರ್‌ಗೆ ಅರ್ಜಿ ಹಾಕುವ ಮೊದಲು ಇಬ್ಬರೂ ರೈಫಲ್ ಕ್ಲಬ್‌ಗೆ ಹೋಗಿ ಹೊಡೆದು ನೋಡುತ್ತೇವೆ.