ಅಗಸ್ತ್ಯ ನಕ್ಷತ್ರದ ಮೂರನೆಯ ಗ್ರಹ: ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

[ಗುಂಪಿಗೆ ಬಂದ ಚಿತ್ರ: ಮರಳುಗಾಡಿನ ಗ್ರಹ, ಮೇಲೆ ಎರಡು ಚಂದ್ರ. ಕೆಳಗೆ ಬರಹ: “ಅಗಸ್ತ್ಯರು ಸಮುದ್ರವನ್ನು ಕುಡಿದರು. ಅಗಸ್ತ್ಯ ನಕ್ಷತ್ರದ ಗ್ರಹದಲ್ಲಿ ನೀರಿಲ್ಲ. ಪಾಶ್ಚಾತ್ಯರು ಕದ್ದದ್ದು ನಮ್ಮ ಪುರಾಣವನ್ನೇ!”]

ದೊಡ್ಡಪ್ಪ: ಎಲ್ಲರೂ ಓದಲೆಂದು ಇದನ್ನು ಹಾಕಿದ್ದೇನೆ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಕಾದಂಬರಿಯ ಮರಳುಗಾಡಿನ ಗ್ರಹ ಅರಾಕಿಸ್, ಕನೋಪಸ್ ನಕ್ಷತ್ರದ ಮೂರನೆಯ ಗ್ರಹವೆಂದು ಆ ಪುಸ್ತಕದ ಕೊನೆಯ ಪದಕೋಶದಲ್ಲೇ ಇದೆ. ಕನೋಪಸ್ ಎಂದರೆ ನಮ್ಮ ಅಗಸ್ತ್ಯ. ಕಡಲನ್ನೇ ಕುಡಿದ ಋಷಿಯ ನಕ್ಷತ್ರಕ್ಕೆ ಒಣಗಿದ ಗ್ರಹವನ್ನು ಕೊಟ್ಟಿರುವುದು ಆಕಸ್ಮಿಕವೆಂದು ನಂಬುವುದು ಹೇಗೆ?

ಅಕ್ಕ: ದೊಡ್ಡಪ್ಪ, ಕದ್ದರು ಎನ್ನುವುದಕ್ಕೆ ಇದರಲ್ಲಿ ಒಂದು ಆಧಾರವೂ ಇಲ್ಲ. ದಯವಿಟ್ಟು ಅಳಿಸಿಬಿಡಿ. ಇಲ್ಲದ ಗ್ರಹಕ್ಕಾಗಿ ಇಷ್ಟು ಚರ್ಚೆ ಬೇಕೇ?

ನಾನು: ಅಕ್ಕ, ಗ್ರಹ ಕಲ್ಪನೆಯಾದರೂ ನಕ್ಷತ್ರ ನಿಜವಾದದ್ದು. ಫೆಬ್ರವರಿಯ ರಾತ್ರಿ ಒಂಬತ್ತರ ಸುಮಾರಿಗೆ ಬೆಂಗಳೂರಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೈ ಚಾಚಿದರೆ, ದಿಗಂತದಿಂದ ಒಂದು ಗೇಣಿಗಿಂತ ತುಸು ಮೇಲೆ ಅದು ಬೆಳ್ಳಗೆ ಹೊಳೆಯುತ್ತಿರುತ್ತದೆ. ರಾತ್ರಿಯ ನಕ್ಷತ್ರಗಳಲ್ಲಿ ಅದಕ್ಕಿಂತ ಪ್ರಕಾಶಮಾನವಾದದ್ದು ಲುಬ್ಧಕವೊಂದೇ. ಸುಮಾರು 310 ಜ್ಯೋತಿರ್ವರ್ಷ ದೂರದಲ್ಲಿರುವ ಅದು ಸೂರ್ಯನ ಸುಮಾರು 10,000 ಪಟ್ಟು ಬೆಳಕು ಚೆಲ್ಲುವುದರಿಂದ, ನಮ್ಮ ಭೂಮಿಯಷ್ಟೇ ಹದವಾದ ಬಿಸಿಲು ಬೇಕೆನ್ನುವ ಗ್ರಹ ಭೂಮಿ-ಸೂರ್ಯರ ಅಂತರದ ನೂರು ಪಟ್ಟು ದೂರದಲ್ಲಿ ಸುತ್ತಬೇಕಾಗುತ್ತದೆ. ದೂರ ಹೆಚ್ಚಿದಂತೆ ಸುತ್ತುವ ಅವಧಿಯೂ ಹೆಚ್ಚುತ್ತದೆನ್ನುವ ಕೆಪ್ಲರನ ನಿಯಮದಂತೆ ಲೆಕ್ಕ ಹಾಕಿದರೆ ಅಲ್ಲಿನ ಒಂದು ವರ್ಷವೆಂದರೆ ನಮ್ಮ ಮುನ್ನೂರಕ್ಕೂ ಹೆಚ್ಚು ವರ್ಷ. ಗ್ರಹದ ಅಕ್ಷ ವಾಲಿದ್ದರೆ, ಬೇಸಿಗೆಯಲ್ಲಿ ಹುಟ್ಟಿದವರು ಬೇಸಿಗೆಯಲ್ಲೇ ಮುದುಕರಾಗುತ್ತಾರೆ.

ದೊಡ್ಡಪ್ಪ: ನಕ್ಷತ್ರ ಅಷ್ಟು ಪ್ರಖರವಾಗಿದ್ದರೆ ನೀರು ಆವಿಯಾಗದೆ ಇರುತ್ತದೆಯೇ? ನನ್ನ ಮಾತೇ ನಿಜವಾಯಿತಲ್ಲ.

ನಾನು: ಇಲ್ಲ ದೊಡ್ಡಪ್ಪ, ಕಾದಂಬರಿ ಹೇಳುವ ಕಾರಣವೇ ಬೇರೆ. ಅಲ್ಲಿ ಉಪ್ಪಿನ ಬಯಲುಗಳಿವೆ, ಧ್ರುವಗಳಲ್ಲಿ ಮಂಜುಗಡ್ಡೆಯಿದೆ. ಅಂದರೆ ಹಿಂದೊಮ್ಮೆ ನೀರು ಹರಿದಿತ್ತು. ಮರಳಿನೊಳಗೆ ಬದುಕುವ ಅಲ್ಲಿನ ದೈತ್ಯ ಮರಳುಹುಳುಗಳ ಮರಿಗಳು ಸಿಕ್ಕ ನೀರನ್ನೆಲ್ಲ ಸುತ್ತುವರಿದು ನೆಲದಾಳದಲ್ಲಿ ಬಂಧಿಸಿಡುವುದರಿಂದ ಮೇಲೆ ಮರಳು ಮಾತ್ರ ಉಳಿದಿದೆ. ಮಹಾಭಾರತದ ವನಪರ್ವದಲ್ಲಿ ನಡೆಯುವುದು ಇದಲ್ಲ. ಕಾಲೇಯ ದೈತ್ಯರು ಅಡಗಿದ್ದ ಕಡಲನ್ನು ಅಗಸ್ತ್ಯರು ಕುಡಿಯುತ್ತಾರೆ, ನೀರನ್ನು ಹಿಂದಿರುಗಿಸೆಂದು ದೇವತೆಗಳು ಕೇಳಿದಾಗ ಅದು ಜೀರ್ಣವಾಗಿ ಹೋಯಿತೆನ್ನುತ್ತಾರೆ, ಕಡೆಗೆ ಭಗೀರಥ ಗಂಗೆಯನ್ನು ತಂದ ಮೇಲೆ ಕಡಲು ತುಂಬುತ್ತದೆ. ಅರಾಕಿಸ್‌ನ ಜನರ ಆಸೆ ನಿಂತಿರುವುದೇ ನೀರು ಕಾಲಡಿಯಲ್ಲಿ ಇನ್ನೂ ಇದೆ ಎಂಬುದರ ಮೇಲೆ. ಅದಕ್ಕಾಗಿ ಅವರು ಗಾಳಿಯ ತೇವವನ್ನೂ ಹನಿಹನಿಯಾಗಿ ಕೂಡಿಡುತ್ತಾರೆ. ಕಥೆಯ ಜೀವವೇ ಬೇರೆಯಾದ ಮೇಲೆ ಅದನ್ನು ಕಳವೆಂದು ಕರೆಯುವುದು ನ್ಯಾಯವಲ್ಲ.

ಚಿಕ್ಕಮ್ಮ: ನನಗೆ ತಿಳಿದಂತೆ ಅಗಸ್ತ್ಯೋದಯವಾದರೆ ಮಳೆಗಾಲದ ಕದಡು ನೀರು ತಿಳಿಯಾಗುತ್ತದೆಂದು ಹಿರಿಯರು ಹೇಳುತ್ತಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಈ ನಕ್ಷತ್ರಕ್ಕೆ ಒಂದು ಅಧ್ಯಾಯವೇ ಇದೆ.

ನಾನು: ಹೌದು ಚಿಕ್ಕಮ್ಮ. ಅರಬರು ಇದನ್ನು ಸುಹೈಲ್ ಎನ್ನುತ್ತಾರೆ. ಆಗಸ್ಟ್ ಕೊನೆಯ ಮುಂಜಾವಿನಲ್ಲಿ ಅದು ಕಂಡರೆ ಮರುಭೂಮಿಯ ಸುಡುಬಿಸಿಲು ಇಳಿಯುತ್ತದೆಂದು ಅವರ ಎಣಿಕೆ. ಕಾದಂಬರಿಯ ಮರುಭೂಮಿಯ ಜನರ ಮಾತಿನ ತುಂಬ ಅರಬ್ಬಿ ಪದಗಳಿರುವುದರಿಂದ, ಮೂಲವನ್ನು ಹುಡುಕಲೇಬೇಕೆಂದರೆ ಮೊದಲು ಆ ಕಡೆ ನೋಡುವುದು ಸರಿ ಎಂದು ನನಗನ್ನಿಸುತ್ತದೆ.

ಅಕ್ಕ: ಹಾಗಾದರೆ ಚಿತ್ರ ಇರಲಿ. ಕೊನೆಯ ಸಾಲಿಗೆ ಮಾತ್ರ ನನ್ನ ವಿರೋಧವಿದೆ.

ದೊಡ್ಡಪ್ಪ: ಆ ಸಾಲನ್ನು ತೆಗೆದು ಕಳುಹಿಸುತ್ತೇನೆ. ಆದರೆ ಅಗಸ್ತ್ಯರ ಹೆಸರನ್ನು ತೆಗೆಯುವುದಿಲ್ಲ. ಆಕಸ್ಮಿಕವೇ ಆಗಿದ್ದರೂ ಈ ಹೋಲಿಕೆ ಮಕ್ಕಳಿಗೆ ತಿಳಿಯಬೇಕು. ವನಪರ್ವದ ಆ ಭಾಗವನ್ನೂ ಇಲ್ಲಿ ಹಾಕಿಬಿಡು, ಮಗು.