ಟೆಕ್ಸಸ್‌ನ 3,000 ಚದರ ಅಡಿ ಕಾನೂನು ಹಳೇ ಸೈಟಿಗೂ ಅನ್ವಯಿಸುತ್ತಾ?

ಹಿತ್ತಲಮನೆ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಡಲ್ಲಾಸ್ ಪಕ್ಕದ ಊರು, ಜನಸಂಖ್ಯೆ ಎರಡು ಲಕ್ಷ ದಾಟಿದೆ. ಸೈಟು 14,200 ಚದರ ಅಡಿ. ಮನೆ ಒಂದು ಪಕ್ಕಕ್ಕಿದೆ, ಉಳಿದ ಅರ್ಧ ಬರೀ ಹುಲ್ಲು. ನನ್ನ ತಂಗಿ ಒಬ್ಬಳೇ ಮಗನನ್ನು ಸಾಕುತ್ತಾ ಬಾಡಿಗೆ ಮನೆಯಲ್ಲಿದ್ದಾಳೆ, ಸೈಟನ್ನು ಎರಡು ಮಾಡಿ ಆ ಕಡೆ ಅವಳಿಗೊಂದು ಚಿಕ್ಕ ಮನೆ ಕಟ್ಟಿಸೋಣ ಅಂತ ಆಸೆ. ಆದರೆ ನಮ್ಮ ಏರಿಯಾದಲ್ಲಿ ಯಾವ ಸೈಟೂ 7,500ಕ್ಕಿಂತ ಕಡಿಮೆ ಇರಬಾರದಂತೆ. ಅಲ್ಲಿಗೆ ನಮಗೆ 800 ಚದರ ಅಡಿ ಕಮ್ಮಿ ಬಿತ್ತು. ಎರಡು ಗ್ಯಾರೇಜಿನಷ್ಟು ಜಾಗ! ನಗರಸಭೆ ಕೌಂಟರಿನಲ್ಲಿದ್ದವರು ನಕ್ಷೆ ಮೇಲೆ ಸ್ಕೇಲ್ ಇಟ್ಟು ನೋಡಿ, ಆಗಲ್ಲ ಅಂದುಬಿಟ್ಟರು. ಈಗ ರಾಜ್ಯದ ಹೊಸ ಕಾನೂನು 3,000 ಸಾಕು ಅನ್ನುತ್ತದಂತಲ್ಲ, ಅದನ್ನು ತೋರಿಸಿ ಕೇಳಬಹುದಾ?

ಅಳತೆಪಟ್ಟಿ:
ಬೇಜಾರಾಗಬೇಡಿ, ನಿಮಗೆ ಅದು ಸಿಗಲ್ಲ. ನೀವು ಹೇಳುತ್ತಿರುವುದು ಎಸ್‌ಬಿ 15 (ಟೆಕ್ಸಸ್ ಸೆನೆಟ್‌ನ ಮಸೂದೆ), 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಊರಿನ ಜನಸಂಖ್ಯೆ ಒಂದೂವರೆ ಲಕ್ಷ ದಾಟಿರಬೇಕು, ಅದಿರುವ ಕೌಂಟಿಯದು (ನಮ್ಮ ಜಿಲ್ಲೆ ಇದ್ದ ಹಾಗೆ) ಮೂರು ಲಕ್ಷ. ಅಷ್ಟರ ಮಟ್ಟಿಗೆ ನಿಮ್ಮ ಊರು ಸರಿ. ತೊಡಕಿರುವುದು ಮುಂದೆ: ಜಾಗ 5 ಎಕರೆಗೆ ಕಡಿಮೆ ಇರಬಾರದು, ಸೈಟುಗಳಾಗಿ ಒಡೆದ ನಕ್ಷೆ (ಪ್ಲಾಟ್) ಮೊದಲೇ ರಿಜಿಸ್ಟರ್ ಆಗಿರಲೂಬಾರದು. ಅಂದರೆ ಇದು ಖಾಲಿ ಹೊಲದಲ್ಲಿ ಹೊಸ ಬಡಾವಣೆ ಮಾಡುವವರಿಗೆ. ಅವರಿಗೆ ನಗರಸಭೆಯವರು 3,000ಕ್ಕಿಂತ ದೊಡ್ಡ ಸೈಟೇ ಬೇಕು, 30 ಅಡಿಗಿಂತ ಜಾಸ್ತಿ ಅಗಲ ಇರಲೇಬೇಕು ಅನ್ನುವ ಹಾಗಿಲ್ಲ. ನಿಮ್ಮಂಥ ಹಳೇ ಸೈಟಿನವರನ್ನು ಅದು ಮುಟ್ಟೋದೇ ಇಲ್ಲ. ಇನ್ನೊಂದು ಮಾತು, ಮನೆ ಕೊಂಡಾಗಿನ ಕಾಗದ ತೆಗೆದು ಡೀಡ್ ರಿಸ್ಟ್ರಿಕ್ಷನ್ (ಕ್ರಯಪತ್ರದ ಷರತ್ತು) ನೋಡಿಕೊಳ್ಳಿ. ಅದರಲ್ಲಿ 'ಸೈಟು ಒಡೆಯಬಾರದು' ಅಂತ ಒಂದು ಸಾಲಿದ್ದರೆ ನಗರಸಭೆಯವರು ಹೂಂ ಅಂದರೂ ಅಕ್ಕಪಕ್ಕದವರು ತಡೆಯಬಹುದು. ಈ ಕಾನೂನು ಆ ಷರತ್ತುಗಳನ್ನು ತೆಗೆದುಹಾಕಿಲ್ಲ.

ನದಿದಂಡೆ:
ನಾನು ಹೂಸ್ಟನ್‌ನಲ್ಲಿದ್ದೇನೆ. ಇಲ್ಲಿ ಝೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನೋ ರೂಲ್) ಇಲ್ಲ, ಆದರೂ ಸೈಟಿನ ಅಳತೆಗೆ ರೂಲ್ ಇತ್ತು. 1998ರಲ್ಲಿ 610 ಲೂಪ್ (ನಗರದ ನಡುಭಾಗ ಸುತ್ತುವ ರಿಂಗ್ ರಸ್ತೆ) ಒಳಗೆ ಕನಿಷ್ಠ ಅಳತೆಯನ್ನು 5,000ದಿಂದ 1,400ಕ್ಕೆ ಇಳಿಸಿದರು, 2013ರಲ್ಲಿ ಲೂಪ್ ಹೊರಗೂ ತಂದರು. ನಮ್ಮ ಬೀದಿಯಲ್ಲಿ ಒಂದು ಹಳೇ ಮರದ ಮನೆ ಇದ್ದ ಸೈಟಿನಲ್ಲಿ ಈಗ ಮೂರು ಮನೆ ಇವೆ. ಕೆಳಗೆ ಗ್ಯಾರೇಜ್, ಮಧ್ಯೆ ಅಡುಗೆಮನೆ, ಮೇಲೆ ಮಲಗೋ ಕೋಣೆ. ಅತ್ತೆ ಬಂದಾಗ ಮೆಟ್ಟಿಲು ಹತ್ತೋದು ಅವರಿಗೆ ಕಷ್ಟವೇ, ಸುಳ್ಳು ಹೇಳಲ್ಲ. ಆದರೆ ಆ ಮೂರರಲ್ಲಿ ಒಂದು ನಮ್ಮದು, ಇಡೀ ಸೈಟು ಒಂದೇ ಆಗಿದ್ದರೆ ಈ ಏರಿಯಾದಲ್ಲಿ ಮನೆ ಕೊಳ್ಳೋದು ನಮ್ಮ ಕೈಲಿ ಆಗುತ್ತಿರಲಿಲ್ಲ. ಇಲ್ಲೂ ಬೀದಿಯವರು ಅರ್ಜಿ ಹಾಕಿ ತಮ್ಮ ಬ್ಲಾಕಿಗೆ ದೊಡ್ಡ ಅಳತೆ ಉಳಿಸಿಕೊಳ್ಳೋಕೆ ದಾರಿ ಇದೆ.

ಬೇಲಿ_ಬದಿ:
ಊರಿನವರ ಕಡೆಯಿಂದಲೂ ಒಂದು ಮಾತು. ನಮ್ಮ ಬೀದಿಯ ಚರಂಡಿ ಹಾಕಿದ್ದು ಅರ್ಧ ಎಕರೆಗೊಂದು ಮನೆ ಅನ್ನೋ ಲೆಕ್ಕದಲ್ಲಿ. ಜೋರು ಮಳೆ ಬಂದರೆ ನೀರು ಈಗಲೇ ನಮ್ಮ ಬಾಗಿಲ ತನಕ ಬರುತ್ತದೆ. ಹುಲ್ಲಿದ್ದ ಜಾಗಕ್ಕೆಲ್ಲಾ ಕಾಂಕ್ರೀಟ್ ಹಾಕಿದರೆ ಆ ನೀರು ಎಲ್ಲಿಗೆ ಹೋಗಬೇಕು? ರಾಜಧಾನಿಯಲ್ಲಿ ಕೂತವರಿಗೆ ನಮ್ಮ ಬೀದಿಯ ತಗ್ಗು ಗೊತ್ತಿರಲ್ಲ ಅಲ್ವಾ.

ಅಳತೆಪಟ್ಟಿ:
ನೀರಿನ ಚಿಂತೆ ನಿಜ. ಅದಕ್ಕೆ ನೀರಿನ ರೂಲೇ ಮಾಡಲಿ, ನೀರು ಇಂಗೋಕೆ ಇಷ್ಟು ಜಾಗ ಬಿಡಿ ಅನ್ನಲಿ. ಅಳತೆ ಹೆಸರಲ್ಲಿ ಬಡವರನ್ನು ಹೊರಗಿಡೋದು ಬೇರೆ ವಿಷಯ. ಪೆನ್ಸಿಲ್ವೇನಿಯಾದಲ್ಲಿ ಒಂದು ಟೌನ್‌ಶಿಪ್ ಮನೆಗೆ 4 ಎಕರೆ ಬೇಕು ಅಂತ ಮಾಡಿತ್ತು, 1965ರಲ್ಲೇ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಯೂಕ್ಲಿಡ್ ತೀರ್ಪು ಝೋನಿಂಗ್ ಸರಿ ಅಂದಿದ್ದು ಹೌದು, ಆದರೆ ಊರುಗಳಿಗೆ ಆ ಅಧಿಕಾರ ಬಂದಿದ್ದು ರಾಜ್ಯದಿಂದ. ಕೊಟ್ಟವರು ಮಿತಿ ಹಾಕಬಹುದು. ಕ್ಯಾಲಿಫೋರ್ನಿಯಾದ ಎಸ್‌ಬಿ 9 ಹಳೇ ಸೈಟನ್ನೂ ಒಡೆಯೋಕೆ ಬಿಡುತ್ತದೆ, ಒಂದೊಂದು ಭಾಗ 1,200 ಚದರ ಅಡಿ ಇದ್ದರೆ ಸಾಕು. ನಮ್ಮ ಲೆಕ್ಕದ 30-40 ಸೈಟು! ಆದರೆ ಒಡೆದವರು ಮೂರು ವರ್ಷ ಅಲ್ಲೇ ಇರ್ತೀವಿ ಅಂತ ಬರೆದುಕೊಡಬೇಕು.

ಹಿತ್ತಲಮನೆ ಅವರೇ, ನಿಮಗೆ ಇರುವ ದಾರಿ ವೇರಿಯನ್ಸ್ (ನಿಮ್ಮ ಸೈಟಿಗೆ ಮಾತ್ರ ರೂಲಿನಿಂದ ವಿನಾಯಿತಿ) ಅರ್ಜಿ, ಇಲ್ಲವೇ ನಗರಸಭೆಯ ಕೌನ್ಸಿಲ್ ಮುಂದೆ ಹೋಗಿ ರೂಲನ್ನೇ ಬದಲಿಸಿ ಅಂತ ಕೇಳೋದು. ಆಸ್ಟಿನ್‌ನವರು 2024ರಲ್ಲಿ ತಾವೇ 5,750ನ್ನು 1,800ಕ್ಕೆ ಇಳಿಸಿದರು, ರಾಜ್ಯ ಹೇಳೋ ತನಕ ಕಾಯಲಿಲ್ಲ.

ಹಿತ್ತಲಮನೆ:
ತುಂಬಾ ಥ್ಯಾಂಕ್ಸ್. ಕಾಗದ ತೆಗೆದು ನೋಡಿದೆ, ಸೈಟು ಒಡೆಯೋದರ ಬಗ್ಗೆ ಏನೂ ಇಲ್ಲ. ನಾಳೆ ಪಕ್ಕದ ಮನೆಯವರ ಹತ್ತಿರ ಮೊದಲು ಮಾತಾಡ್ತೀನಿ, ಆಮೇಲೆ ಅರ್ಜಿ.