[ಪದಚರ್ಚೆ] ಕೀಲೆಸ್, ಸ್ಮಾರ್ಟ್ ಕೀ, ಇಮ್ಮೊಬಿಲೈಸರ್: ಬೋರ್ಡಿಗೆ ಪದ ಬೇಕು, ಇವತ್ತೇ

ಹದಡಿ ರಸ್ತೆ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಕಾರ್ ಕೀ ಮಾಡುವ ಅಂಗಡಿಯೊಂದರ ಬೋರ್ಡು. ಎಂಟಡಿ ಅಗಲ, ಮೂರಡಿ ಎತ್ತರ, ಸಂಜೆ ಆರಕ್ಕೆ ಪ್ರಿಂಟಿಗೆ. ಶೇ. 60 ಕನ್ನಡ ಇರಲೇಬೇಕು. ಅಂಗಡಿಯವರ ಪಟ್ಟಿ: ಟ್ರಾನ್ಸ್‌ಪಾಂಡರ್ ಕೀ (ತಲೆಯೊಳಗೆ ಚಿಪ್ ಇರುವ ಕೀ), ಸ್ಮಾರ್ಟ್ ಕೀ, ಕೀಲೆಸ್ ಎಂಟ್ರಿ, ಇಮ್ಮೊಬಿಲೈಸರ್ (ಬೇರೆ ಕೀಗೆ ಕಾರು ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ರಿಪೇರಿ, ಕೀ ಪ್ರೋಗ್ರಾಮಿಂಗ್, ಡೂಪ್ಲಿಕೇಟ್ ಕೀ. ಸದ್ಯಕ್ಕೆ ನಾನು ಹಾಕಿರುವುದು 'ಚತುರ ಕೀಲಿ', 'ಕೀಲಿರಹಿತ ಪ್ರವೇಶ', 'ನಿಶ್ಚಲಕಾರಕ ದುರಸ್ತಿ', 'ನಕಲಿ ಕೀಲಿ'. ಸರಿ ಇದೆಯಾ?

ಮಂಡಿಪೇಟೆ:
'ನಕಲಿ ಕೀಲಿ' ಅಂತ ಹಾಕಿದರೆ ಮೊದಲ ಗಿರಾಕಿ ಪೊಲೀಸರೇ. ನಕಲು ಬೇರೆ, ನಕಲಿ ಬೇರೆ.

ಇನ್ನು 'ಕೀಲಿರಹಿತ'. ನಮ್ಮ ಕಡೆ ಕೀಲಿ ಅಂದರೆ ಬೀಗ, ಅದನ್ನು ತೆಗೆಯುವುದು ಕೀಲಿಕೈ. 'ಮನೆಗೆ ಕೀಲಿ ಹಾಕ್ಯಂಡು ಬಾ' ಅನ್ನೋ ಊರಲ್ಲಿ 'ಕೀಲಿರಹಿತ ಕಾರು' ಎಂದರೆ ಬೀಗವೇ ಇಲ್ಲದ ಕಾರು. ಮೈಸೂರು ಕಡೆಯವರಿಗೆ ಬೀಗ, ಬೀಗದ ಕೈ ಇದ್ದಾವೆ, ಅವರಿಗೆ ಈ ತೊಡಕಿಲ್ಲ.

ಅರ್ಥವೂ ತಪ್ಪೇ. ಕೀಲೆಸ್ ಕಾರಿನಲ್ಲಿ ಕೀ ಇರುತ್ತೆ, ಜೇಬಿನಲ್ಲಿ. ಬಾಗಿಲ ಹಿಡಿಯ ಗುಂಡಿ ಒತ್ತಿದಾಗ ಕಾರು 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಒಂದು ಕರೆ ಕಳಿಸುತ್ತೆ. ಅದು ಒಂದೆರಡು ಮೀಟರ್ ದಾಟಿ ಹೋಗಲ್ಲ. ಕೀ ಎಚ್ಚೆತ್ತು, ನಮ್ಮಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿ, ಉತ್ತರ ಕೊಡುತ್ತೆ. ಉತ್ತರ ಸರಿ ಇದ್ದರೆ ಬಾಗಿಲು ತೆರೆಯುತ್ತೆ. ಇಲ್ಲವಾಗಿರುವುದು ಕೀ ಅಲ್ಲ, ಕೀ ತಿರುಗಿಸುವ ಕೆಲಸ.

ಜೋಗಿಮಟ್ಟಿ:
ಹಾಗಾದರೆ ಪದ ತಾನಾಗೇ ಸಿಕ್ಕಿತಲ್ಲ: 'ತಿರುವದ ಕೀಲಿಕೈ'. ಸ್ಮಾರ್ಟ್ ಕೀಗೆ 'ಜಾಣಗೈ'. ಸಂಸ್ಕೃತದ ಚತುರ ಯಾಕೆ ಬೇಕು?

ಹದಡಿ ರಸ್ತೆ:
ಸರ್, 'ಜಾಣಗೈ' ಓದಿ ಗಿರಾಕಿ ಒಳಗೆ ಬರ್ತಾನಾ?

ಜೋಗಿಮಟ್ಟಿ:
ನಾಲ್ಕು ಸಲ ಓದಿದರೆ ಬರ್ತಾನೆ.

ಬಾತಿ ಗುಡ್ಡ:
ಎಲ್ಲರೂ ಮೂಲವನ್ನೇ ಮರೆತಿದ್ದೀರಿ. ಇಂಗ್ಲಿಷಿನ ಕೀ ನಮ್ಮ ಕೈಯಿಂದಲೇ ಹೋದದ್ದು. ಬೀಗದ ಕೈ, ಕೀಲಿ ಕೈ, ಕೀ. ಕಡಲ ವ್ಯಾಪಾರದ ಕಾಲದಲ್ಲಿ ದಾಟಿದೆ. 'ಕೀ' ಎಂದೇ ಬರೆಯಿರಿ, ಅದು ಕನ್ನಡವೇ.

ಹೊಳಲ್ಕೆರೆ:
ಅಲ್ಲ. ಆ ಪದ ಹಳೆಯ ಇಂಗ್ಲಿಷಿನಲ್ಲೇ ಇದೆ, ನೀವು ಹೇಳುವ ವ್ಯಾಪಾರಕ್ಕಿಂತ ನೂರಾರು ವರ್ಷ ಹಿಂದೆ. ಕಡಲು ದಾಟಿ ಬಂದದ್ದು ಬೇಕೆಂದರೆ 'ಚಾವಿ' ಇದೆ, ಪೋರ್ಚುಗೀಸರ ಶಾವಿ. ತಮಿಳಿನಲ್ಲೂ ಸಾವಿ. ತೆಲುಗಿನಲ್ಲಿ ಅದು 'ತಾಳಂಚೆವಿ' ಆಗಿ (ತಾಳಂ ಅಂದರೆ ಬೀಗ, ಚೆವಿ ಅಂದರೆ ಕಿವಿ), ಬೀಗಕ್ಕೆ ಕಿವಿ ಬಂದುಬಿಟ್ಟಿದೆ. ಮಲಯಾಳದವರು ಮಾತ್ರ 'ತಾಕ್ಕೋಲ್' ಉಳಿಸಿಕೊಂಡರು, ಅಗುಳಿಯ ಕೋಲು.

ಜೋಗಿಮಟ್ಟಿ:
ನೋಡಿದಿರಾ, ಅವರು ಉಳಿಸಿಕೊಂಡರು. ನಾವು ಮಾತ್ರ ಸಿಕ್ಕಿದ್ದನ್ನೆಲ್ಲ ಸಾಲ ತರ್ತೀವಿ.

ಹೊಳಲ್ಕೆರೆ:
ನಿಮ್ಮ ಕೀಲಿಕೈಯಲ್ಲಿ 'ಕೈ' ಒಂದೇ ಗ್ಯಾರಂಟಿ ಕನ್ನಡ. ಕೀಲ ಸಂಸ್ಕೃತದಲ್ಲಿ ಗೂಟ. ಅಚ್ಚಗನ್ನಡ ಸಮಾಸವಾಗಿದ್ದರೆ ಎಡಗೈ, ಬಲಗೈ ಆದ ಹಾಗೆ ಕೀಲಿಗೈ ಯಾಕಾಗಲಿಲ್ಲ?

ಜೋಗಿಮಟ್ಟಿ:
ಕೀಲು ದ್ರಾವಿಡವೇ. ಬಂಡಿಯ ಕೀಲು, ಮೊಣಕಾಲ ಕೀಲು ಎರಡನ್ನೂ ಸಂಸ್ಕೃತದಿಂದ ತಂದಿದ್ದಾ? ಈ ಮಾತು ಇಲ್ಲಿಗೆ ಸಾಕು.

ಮಂಡಿಪೇಟೆ:
ಸಾಕು ಅಂದವರು ಸಾಕು ಮಾಡಿದರೆ ಸರಿ. ಆರು ಗಂಟೆಗೆ ಪ್ರಿಂಟು.

'ನಿಶ್ಚಲಕಾರಕ' ತೆಗೀರಿ. ಕೇಳಿದರೆ ಚಕ್ರಕ್ಕೆ ಬ್ರೇಕ್ ಹಾಕುವ ಯಂತ್ರದ ಹಾಗಿದೆ. ಇಮ್ಮೊಬಿಲೈಸರ್ ಚಕ್ರ ಮುಟ್ಟಲ್ಲ. ಕೀಯ ತಲೆಯೊಳಗಿನ ಚಿಪ್ಪಿಗೂ ಸೆಲ್ಲಿಗೂ ಸಂಬಂಧ ಇಲ್ಲ. ಇಗ್ನಿಷನ್ ಬಾಯಿಯ ಸುತ್ತ ತಂತಿಸುರುಳಿ ಇರುತ್ತೆ, ಚಿಪ್ಪಿಗೆ ಅದರಿಂದಲೇ ಕರೆಂಟು. ಚಿಪ್ ಹೇಳಿದ ಸಂಕೇತ ಹೊಂದದಿದ್ದರೆ ಕಾರು ಪೆಟ್ರೋಲನ್ನೋ ಕಿಡಿಯನ್ನೋ ಸ್ಟಾರ್ಟರನ್ನೋ ಬಿಡಲ್ಲ. ಕೆಲವು ಕಾರು ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಆರುತ್ತವೆ, ಮೀಟರಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತೆ. ಇದನ್ನು ನೋಡಿ ಜನ ಪೆಟ್ರೋಲ್ ಪಂಪ್ ಬದಲಿಸ್ತಾರೆ, ಕೀಯನ್ನು ಅನುಮಾನಿಸಲ್ಲ. ಒಂದೇ ಗೊಂಚಲಲ್ಲಿ ಎರಡು ಚಿಪ್ ಕೀ ತೂಗುತ್ತಿದ್ದರೂ ಇದೇ ಕಾಟ. ಒಂದು ಬಿಚ್ಚಿ ನೋಡಿ ಅನ್ನುವುದು ಮೊದಲ ಪರೀಕ್ಷೆ.

ಹಾಗಾಗಿ 'ಸ್ಟಾರ್ಟ್ ಆಗದ ಕೀ ರಿಪೇರಿ'. ಗಿರಾಕಿ ಬಂದು ಹೇಳುವುದೂ ಅದನ್ನೇ.

ಜೋಗಿಮಟ್ಟಿ:
'ಸ್ಟಾರ್ಟ್', 'ರಿಪೇರಿ', 'ಕೀ'. ಬರೇ ವಿಭಕ್ತಿ ಕನ್ನಡ. ಲಿಪಿ ಕನ್ನಡವಾದರೆ ಶೇ. 60 ಆಯಿತಾ?

ಮಂಡಿಪೇಟೆ:
'ಆಗದ' ಇದೆಯಲ್ಲ ಸ್ವಾಮಿ.

ಹೊಳಲ್ಕೆರೆ:
ಜೋಗಿಮಟ್ಟಿಯವರಿಗೆ ಅಲ್ಮೇರಾ, ಮೇಜು, ಸಾಬೂನು ಬಳಸುವಾಗ ತೊಂದರೆ ಇಲ್ಲ. ನೂರು ವರ್ಷ ದಾಟಿದ ಸಾಲ ಆಸ್ತಿ, ಮೊನ್ನೆ ಮಾಡಿದ ಸಾಲ ಅವಮಾನ. ಇದು ತತ್ವ ಅಲ್ಲ, ಬರೀ ವಯಸ್ಸಿನ ಲೆಕ್ಕ.

ಹದಡಿ ರಸ್ತೆ:
ದಯವಿಟ್ಟು ಪ್ರೋಗ್ರಾಮಿಂಗ್ ಮತ್ತು ಡೂಪ್ಲಿಕೇಟ್ ಹೇಳಿ. ಎರಡೂ ಒಂದೇ ಅಂತ ಒಂದೇ ಸಾಲಿಗೆ ಹಾಕಲೇ?

ಮಂಡಿಪೇಟೆ:
ಒಂದೇ ಅಲ್ಲ, ಇಲ್ಲೇ ಗಿರಾಕಿಗೆ ಮೋಸ ಆಗೋದು. ಚಿಪ್ ನಕಲು ಮಾಡಿದರೆ ಹಳೆ ಚಿಪ್ಪಿನ ಸಂಕೇತವೇ ಹೊಸದಕ್ಕೂ ಬರುತ್ತೆ. ಕಾರಿಗೆ ಎರಡೂ ಒಂದೇ ಕೀ. ಮುಂದೆ ಒಂದು ಕಳೆದುಹೋದರೆ ಅದೊಂದನ್ನೇ ಅಳಿಸಲು ಬರಲ್ಲ. ಪ್ರೋಗ್ರಾಮಿಂಗ್ ಅಂದರೆ ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಕಿಂಡಿ) ಯಂತ್ರ ಜೋಡಿಸಿ, ಹೊಸ ಕೀಯನ್ನು ಕಾರಿನ ಪಟ್ಟಿಗೆ ಸೇರಿಸುವುದು. ಕಳೆದದ್ದನ್ನು ಅಳಿಸುವುದೂ ಅಲ್ಲಿಯೇ. ಎಷ್ಟೋ ಕಾರುಗಳಲ್ಲಿ ಪಟ್ಟಿ ಪೂರ್ತಿ ಅಳಿಸಿ ಮತ್ತೆ ಬರೆಯಬೇಕು. ಆಗ ಎದುರಿಗಿಲ್ಲದ ಕೀ ಹೊರಗೆ ಉಳಿಯುತ್ತೆ, ಮನೆಯಲ್ಲಿಟ್ಟು ಬಂದ ಎರಡನೇ ಕೀ ಮರುದಿನ ಸ್ಟಾರ್ಟ್ ಮಾಡಲ್ಲ. ಅದಕ್ಕೆ ಬೋರ್ಡಿನ ಕೆಳಗೆ ಒಂದು ಸಾಲು ಕಡ್ಡಾಯ: 'ಇರುವ ಎಲ್ಲ ಕೀ, ಆರ್‌ಸಿ, ಗುರುತಿನ ಚೀಟಿ ತನ್ನಿ.'

ಪದ: 'ಜೋಡಿ ಕೀ' ಮತ್ತು 'ಹೊಸ ಕೀ ಸೇರಿಸುವುದು'. 'ಡೂಪ್ಲಿಕೇಟ್' ಬೇಡ. ನಮ್ಮ ಬಾಯಲ್ಲಿ ಡೂಪ್ಲಿಕೇಟ್ ಮಾಲು ಅಂದರೂ ನಕಲಿ ಮಾಲೇ.

ಹೊಳಲ್ಕೆರೆ:
'ಜೋಡಿ ಕೀ' ಚೆನ್ನಾಗಿದೆ. ಸ್ಮಾರ್ಟ್ ಕೀಗೆ?

ಮಂಡಿಪೇಟೆ:
'ಜೇಬಿನ ಕೀ' ಅಂದರೆ ಯಾರಿಗೆ ತಿಳಿಯಲ್ಲ ಹೇಳಿ? ಆದರೂ ಪಕ್ಕದಲ್ಲಿ 'ಸ್ಮಾರ್ಟ್ ಕೀ' ಇರಲಿ, ಕಾರ್ ಮಾರುವವರು ಅದನ್ನೇ ಬಾಯಿಪಾಠ ಮಾಡಿಸಿರ್ತಾರೆ. ಹಾಗೇ ಸೆಲ್ ಬದಲಾವಣೆಗೂ ಜಾಗ ಬಿಡಿ, ದಿನಾ ಬರುವ ಗಿರಾಕಿ ಅದೇ. ಬಿಲ್ಲೆ ಸೆಲ್, 3 ವೋಲ್ಟ್. 2032 ಅಂದರೆ 20 ಮಿಲಿಮೀಟರ್ ಅಗಲ, 3.2 ದಪ್ಪ. 2025 ಕೂಡ ಅಷ್ಟೇ ಅಗಲ, ದಪ್ಪ ಮಾತ್ರ 2.5. ಹಾಕಿದರೆ ಕೂರುತ್ತೆ, ಆದರೆ ಸಡಿಲ. ಕೀ ಕೆಳಗೆ ಬಿದ್ದರೆ ಸಂಪರ್ಕ ತಪ್ಪುತ್ತೆ. ಸೆಲ್ ಪೂರ್ತಿ ಸತ್ತರೂ ಒಳಗೆ ಅಡಗಿರುವ ಲೋಹದ ಕೀ ಎಳೆದು ಬಾಗಿಲು ತೆಗೆದು, ಬ್ರೇಕ್ ತುಳಿದು, ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಹೆಚ್ಚಿನ ಕಾರು ಎದ್ದೇಳ್ತಾವೆ. ಕೆಲವದರಲ್ಲಿ ಆ ಜಾಗ ಗೇರ್ ಪಕ್ಕದ ತಗ್ಗಿನಲ್ಲಿರುತ್ತೆ. ಕಾರಿನ ಪುಸ್ತಕ ನೋಡಬೇಕು.

ಬಾತಿ ಗುಡ್ಡ:
ಜೇಬೂ ಕನ್ನಡ ಅಲ್ಲ, ಅರಬ್ಬಿ.

ಜೋಗಿಮಟ್ಟಿ:
ಬಂದಾಗಿಂದ ಇದೊಂದು ಮಾತು ಸರಿಯಾಗಿ ಹೇಳಿದಿರಿ. 'ಕಿಸೆ' ಅನ್ನಿ.

ಹೊಳಲ್ಕೆರೆ:
ಕಿಸೆಯೂ ಅರಬ್ಬಿಯೇ.

ಹದಡಿ ರಸ್ತೆ:
ಕೊನೆಗೆ ಹೀಗೆ ಹಾಕಿದ್ದೇನೆ, ಐದೂವರೆ ಆಯಿತು:

ಕಾರ್ ಕೀಲಿಕೈ ಅಂಗಡಿ
ಜೇಬಿನ ಕೀ (ಸ್ಮಾರ್ಟ್ ಕೀ) · ಚಿಪ್ ಕೀ · ಜೋಡಿ ಕೀ
ಹೊಸ ಕೀ ಸೇರಿಸುವುದು, ಕಳೆದ ಕೀ ಅಳಿಸುವುದು
ಸ್ಟಾರ್ಟ್ ಆಗದ ಕೀ ರಿಪೇರಿ · ರಿಮೋಟ್ ಸೇಲ್ ಬದಲಾವಣೆ
ಇರುವ ಎಲ್ಲ ಕೀ, ಆರ್‌ಸಿ, ಗುರುತಿನ ಚೀಟಿ ತನ್ನಿ

ಮಂಡಿಪೇಟೆ:
ನಾಲ್ಕನೇ ಸಾಲು. 'ಸೇಲ್' ಅಂದರೆ ರಿಯಾಯಿತಿ ಮಾರಾಟ. ದೀರ್ಘ ತೆಗೆಸಿ, ಆಮೇಲೆ ಪ್ರಿಂಟಿಗೆ ಕೊಡಿ.